ಸರ್ಕಾರಿ ಶಾಲೆಯ ಗಣಿತ–ವಿಜ್ಞಾನ ಯೋಜನೆಗಳಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗ ಆಗಿದೆಯಾ?

ನಿಮ್ಮದು ಕೊಪ್ಪಳ ಜಿಲ್ಲೆಯ ಹಳ್ಳಿ. ಮಗಳು ಖಾಸಗಿ ಶಾಲೆಯಲ್ಲಿ ಮೂರನೆಯ ತರಗತಿ ಮುಗಿಸುತ್ತಿದ್ದಾಳೆ, ಬರುವ ವರ್ಷ ಊರಿನ ಸರ್ಕಾರಿ ಶಾಲೆಗೆ ಹಾಕೋಣ ಅಂದುಕೊಂಡಿದ್ದೀರಿ. ‘ಗಣಿತಕ್ಕೆ ಆಂದೋಲನ, ವಿಜ್ಞಾನಕ್ಕೆ ಲ್ಯಾಬ್ ಅಂತ ಸರ್ಕಾರ ಏನೇನೋ ಮಾಡುತ್ತೆ. ಐದನೆಯ ತರಗತಿ ಮಕ್ಕಳಿಗೆ ಭಾಗಾಕಾರ ಬರಲ್ಲ ಅಂತಲೂ ಪೇಪರಿನಲ್ಲಿ ಓದ್ತೀವಿ. ಯಾವುದನ್ನ ನಂಬೋದು?’ ಅಂತ ಕೇಳಿದ್ದೀರಿ. ಎರಡನ್ನೂ ನಂಬಿ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ನಡುವೆ ಕೆಲವು ವರ್ಷ ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ ಆಗಿ ಬೇರೆ ಬೇರೆ ಶಾಲೆಗಳಿಗೂ ಓಡಾಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಪೇಪರಿನಲ್ಲಿ ಬರುವುದು ಸಾಮಾನ್ಯವಾಗಿ ಅಸರ್ ವರದಿಯ, ಅಂದರೆ ಹಳ್ಳಿ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಸಮೀಕ್ಷೆಯ ಅಂಕಿ. ಗ್ರಾಮೀಣ ಭಾರತದ ಐದನೆಯ ತರಗತಿ ಮಕ್ಕಳಲ್ಲಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 2018ರಲ್ಲಿ ಶೇ 27.8 ಇದ್ದರು. ಕೊರೊನಾ ನಂತರ 2022ರಲ್ಲಿ ಅದು ಶೇ 25.6ಕ್ಕೆ ಇಳಿಯಿತು, 2024ರಲ್ಲಿ ಶೇ 30.7ಕ್ಕೆ ಏರಿತು. ಇದರಲ್ಲಿ ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆ ಅನ್ನುವುದನ್ನು ಗಮನಿಸಿ. ಅಂದರೆ ಶಾಲೆ ಬದಲಿಸಿದ ಮಾತ್ರಕ್ಕೆ ಈ ಚಿಂತೆ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ಭಾಗಾಕಾರ ಯಾಕೆ ಬರುವುದಿಲ್ಲ ಅನ್ನುವುದನ್ನು ಒಂದು ಲೆಕ್ಕದಲ್ಲೇ ನೋಡೋಣ. 412ನ್ನು 4ರಿಂದ ಭಾಗಿಸಿ ಅಂತ ಐದನೆಯ ತರಗತಿಯಲ್ಲಿ ಕೊಟ್ಟುನೋಡಿ. ಮಗ್ಗಿ ಗಟ್ಟಿಯಾಗಿ ಬರುವ ಮಕ್ಕಳೂ 13 ಅಂತ ಬರೆಯುತ್ತಾರೆ. ನಾಲ್ಕೊಂದ್ಲಿ ನಾಲ್ಕು, ಒಂದು ಇಳಿಸು, ಹೋಗಲ್ಲ, ಎರಡು ಇಳಿಸು, ಹನ್ನೆರಡಾಯ್ತು, ನಾಲ್ಕ್‌ಮೂರ್ಲಿ ಹನ್ನೆರಡು. ಬಾಯಲ್ಲಿ ಹೇಳುವುದೆಲ್ಲ ಸರಿಯಾಗಿಯೇ ಇದೆ. ನಡುವಿನ ಸೊನ್ನೆ ಮಾತ್ರ ಕಾಣೆ. ನಾನೂರು ಚಿಲ್ಲರೆಯನ್ನು ನಾಲ್ಕು ಜನಕ್ಕೆ ಹಂಚಿದರೆ ಒಬ್ಬರಿಗೆ ಹದಿಮೂರೇ ಬರುತ್ತಾ ಅನ್ನುವ ಅನುಮಾನ ಆ ಮಗುವಿಗೆ ಹುಟ್ಟುವುದಿಲ್ಲ, ಯಾಕೆಂದರೆ ಅದರ ಪಾಲಿಗೆ ಆ 4 ನಾನೂರು ಅಲ್ಲ, ಬರೀ ನಾಲ್ಕು.

ನೀವು ಕೇಳಿದ ಗಣಿತದ ಆಂದೋಲನದ ಪೂರ್ತಿ ಹೆಸರು ಗಣಿತ ಕಲಿಕಾ ಆಂದೋಲನ. ಅದೇ ಲೆಕ್ಕವನ್ನು ಅದರ ಕಿಟ್ ಬಿಚ್ಚಿ ಮಾಡಿಸಿದರೆ ಏನಾಗುತ್ತೆ ನೋಡಿ. ಅದರಲ್ಲಿ ನೂರರ ಚೌಕ, ಹತ್ತರ ಕಡ್ಡಿ, ಬಿಡಿಗಳು ಇರುತ್ತವೆ. ನಾಲ್ಕು ಮಕ್ಕಳನ್ನು ಸುತ್ತ ಕೂರಿಸಿ ನಾಲ್ಕು ಚೌಕ, ಒಂದು ಕಡ್ಡಿ, ಎರಡು ಬಿಡಿ ನಡುವೆ ಇಟ್ಟರೆ, ಚೌಕಗಳನ್ನು ತಲೆಗೊಂದರಂತೆ ಎತ್ತಿಕೊಳ್ಳುತ್ತಾರೆ. ಉಳಿದದ್ದು ಒಂದೇ ಕಡ್ಡಿ. ‘ಇದೊಂದನ್ನ ನಾಕ್ ಮಂದಿಗೆ ಹೆಂಗ ಹಂಚೂದ್ರಿ ಸರ?’ ಅಂತ ಒಬ್ಬಳು ಕೇಳುತ್ತಾಳೆ. ಹಂಚಲು ಬರುವುದಿಲ್ಲ, ಹಾಗಾಗಿ ಯಾರಿಗೂ ಕಡ್ಡಿ ಇಲ್ಲ. ಅಲ್ಲೇ ಆ ಸೊನ್ನೆ ಇರುವುದು. ಕಡ್ಡಿ ಕೊಟ್ಟು ಹತ್ತು ಬಿಡಿ ತೆಗೆದುಕೊಂಡರೆ ಒಟ್ಟು ಹನ್ನೆರಡಾಗುತ್ತವೆ, ತಲೆಗೆ ಮೂರು. ಪ್ರತಿಯೊಬ್ಬರ ಮುಂದೆ ಒಂದು ಚೌಕ, ಕಡ್ಡಿ ಇಲ್ಲ, ಮೂರು ಬಿಡಿ. 103. ಇದನ್ನು ಕೈಯಾರೆ ಮಾಡಿದ ಮಗು ಆಮೇಲೆ ಪಾಟಿಯ ಮೇಲೆ 13 ಬರೆದರೂ ತಾನೇ ಅಳಿಸುತ್ತದೆ. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಈ ಕಿಟ್‌ನ ತಿರುಳು ಇಷ್ಟೇ.

ಈ ಆಂದೋಲನವನ್ನು ರೂಪಿಸಿದ್ದು ಬೆಂಗಳೂರಿನ ಅಕ್ಷರ ಫೌಂಡೇಶನ್. ಸರ್ಕಾರ ಅದನ್ನು ಮೊದಲು ಕಲ್ಯಾಣ ಕರ್ನಾಟಕದಲ್ಲಿ, ಅಂದರೆ ನಿಮ್ಮ ಭಾಗದಲ್ಲೇ, ದೊಡ್ಡದಾಗಿ ತಂದು ನಂತರ ಉಳಿದ ಜಿಲ್ಲೆಗಳಿಗೂ ಹಬ್ಬಿಸಿತು. ನಾಲ್ಕು–ಐದನೆಯ ತರಗತಿಗೆ ಮಣಿಚೌಕಟ್ಟು (ಅಬಾಕಸ್), ಭಿನ್ನರಾಶಿ ಪಟ್ಟಿ, ತಕ್ಕಡಿ, ಗಡಿಯಾರ, ಆಟದ ನೋಟು–ನಾಣ್ಯ, ರಬ್ಬರ್ ಬ್ಯಾಂಡಿನಿಂದ ಆಕೃತಿ ಮಾಡುವ ಜಿಯೋಬೋರ್ಡ್ ಎಲ್ಲ ಇದ್ದ ಪೆಟ್ಟಿಗೆ ಬಂತು, ಶಿಕ್ಷಕರಿಗೆ ತರಬೇತಿ ಆಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳೂ ನಡೆದವು. ಆ ಸ್ಪರ್ಧೆಗಳ ಬೆಲೆ ನನಗೆ ಮೊದಲು ಹೊಳೆದಿರಲಿಲ್ಲ. ಊರಿನವರ ಎದುರಿಗೇ ಮಕ್ಕಳು ಲೆಕ್ಕ ಮಾಡುತ್ತಾರೆ, ಉತ್ತರ ಅಲ್ಲೇ ತಿದ್ದುತ್ತಾರೆ. ತನ್ನ ಮಗನಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಅಂತ ತಂದೆಗೆ ಗೊತ್ತಾಗುವುದು ಅಂಕಪಟ್ಟಿಯಿಂದಲ್ಲ, ಅಲ್ಲಿ.

ಇದಕ್ಕಿಂತ ಮುಂಚಿನದು ನಲಿ–ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಶಿಕ್ಷಕರೇ ಅದನ್ನು ಕಟ್ಟಿದರು, ಯುನಿಸೆಫ್ ನೆರವಾಯಿತು. ಒಂದರಿಂದ ಮೂರನೆಯ ತರಗತಿ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಾರ್ಡು ಎತ್ತಿಕೊಂಡು ಕಲಿಯುತ್ತಾರೆ. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಮಕ್ಕಳು ಶಾಲೆಗೆ ಹೆದರದೆ ಬರುವುದಕ್ಕೆ ಅದು ದೊಡ್ಡ ಕಾರಣ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ವಿಜ್ಞಾನ. ಇಲ್ಲಿ ನನ್ನ ಮಾತು ಅಷ್ಟು ಸಿಹಿಯಾಗಿರುವುದಿಲ್ಲ.

ಮಕ್ಕಳಲ್ಲಿ ವಿಜ್ಞಾನ–ಗಣಿತದ ಆಸಕ್ತಿ ಬೆಳೆಸುವ ಕೇಂದ್ರದ ರಾಷ್ಟ್ರೀಯ ಆವಿಷ್ಕಾರ ಅಭಿಯಾನವನ್ನು 2015ರ ಜುಲೈ 9ರಂದು ಅಬ್ದುಲ್ ಕಲಾಂ ಅವರೇ ಉದ್ಘಾಟಿಸಿದರು. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು, ಅಂದರೆ ಮಕ್ಕಳು ತಾವೇ ಏನಾದರೂ ಮಾಡಿ ನೋಡುವ ಲ್ಯಾಬ್‌ಗಳು ಬಂದವು. ಆಯ್ಕೆಯಾದ ಪ್ರತಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, ತ್ರೀಡಿ ಪ್ರಿಂಟರ್, ಸೆನ್ಸರ್, ರೋಬಾಟಿಕ್ಸ್ ಸಾಮಾನು. 2025ರ ಬಜೆಟ್‌ನಲ್ಲಿ ಇನ್ನೂ 50,000 ಲ್ಯಾಬ್‌ಗಳನ್ನು ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಕೊಡುವುದಾಗಿ ಘೋಷಿಸಿದ್ದಾರೆ. ಇನ್‌ಸ್ಪೈರ್–ಮಾನಕ್ ಯೋಜನೆಯಲ್ಲಿ, ಹೊಸ ಯೋಚನೆ ಕಳಿಸಿ ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಒಳ್ಳೆಯ ಶಿಕ್ಷಕರು ಇರುವ ಕಡೆ ಇವುಗಳಿಂದ ಬೆಳಗಿದ ಮಕ್ಕಳನ್ನು ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಭಿನ್ನರಾಶಿಯೇ ಅರ್ಥವಾಗದೆ ಒಂಬತ್ತನೆಯ ತರಗತಿಗೆ ಬಂದ ಮಗುವಿನ ಮುಂದೆ ತ್ರೀಡಿ ಪ್ರಿಂಟರ್ ಇಟ್ಟರೆ ಅದು ಏನು ಮಾಡಬೇಕು? ಅದೇ ದುಡ್ಡಿನ ಒಂದು ಪಾಲನ್ನು ಮೂರರಿಂದ ಏಳನೆಯ ತರಗತಿಗಳ ಮೇಲೆ ಹಾಕಿ ಅಂತ ನಾನು ಸಿಕ್ಕ ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಲೇ ಬಂದಿದ್ದೇನೆ.

ಲ್ಯಾಬಿನ ಸಾಮಾನು ಬೀರುವಿನಲ್ಲೇ ಉಳಿಯುವುದಕ್ಕೆ ಶಿಕ್ಷಕರ ಸೋಮಾರಿತನ ಕಾರಣ ಅಂತ ಜನ ಅಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಸ್ಟಾಕ್ ರಿಜಿಸ್ಟರ್. ಬೀಕರ್ ಒಡೆದರೆ, ಲೆನ್ಸ್ ಕಳೆದರೆ, ಸೂಕ್ಷ್ಮದರ್ಶಕದ ಗಾಜು ಸೀಳಿದರೆ ಲೆಕ್ಕ ಕೊಡಬೇಕಾದವರು ಆ ಶಿಕ್ಷಕರೇ. ವರ್ಗಾವಣೆ ಆದಾಗ ಚಾರ್ಜ್ ಕೊಡುವಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಮಕ್ಕಳ ಕೈಗೆ ಕೊಟ್ಟ ಮೇಲೆ ಸಾಮಾನು ಒಡೆಯುವುದೇ, ಒಡೆಯದಿದ್ದರೆ ಅದನ್ನು ಯಾರೂ ಮುಟ್ಟಿಲ್ಲ ಅಂತ ಅರ್ಥ. ವರ್ಷಕ್ಕೆ ಇಂತಿಷ್ಟು ಸಾಮಾನು ಒಡೆದರೂ ಪ್ರಶ್ನೆ ಇಲ್ಲ ಅನ್ನುವ ಒಂದು ಸುತ್ತೋಲೆ ಎಲ್ಲ ಶಾಲೆಗೂ ಮುಟ್ಟಿ, ಅದನ್ನು ಪಾಲಿಸಿದರೆ, ಹೊಸ ಲ್ಯಾಬಿಗಿಂತ ಹೆಚ್ಚು ಪ್ರಯೋಗಗಳು ನಡೆಯುತ್ತವೆ.

ಅದಕ್ಕೂ ದೊಡ್ಡದು ಶಿಕ್ಷಕರ ಕೊರತೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ: ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. 2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದದ್ದು ಇದೇ ತರಗತಿಗಳಿಗಾಗಿ. ಹಾಗಿದ್ದೂ ವಿಜ್ಞಾನ–ಗಣಿತದ ಹುದ್ದೆ ಖಾಲಿ ಇದ್ದು, ಅತಿಥಿ ಶಿಕ್ಷಕರ ಮೇಲೆ ನಡೆಯುತ್ತಿರುವ ಶಾಲೆಗಳು ನಿಮ್ಮ ಭಾಗದಲ್ಲಿ ಬೇಕಾದಷ್ಟಿವೆ. ಅತಿಥಿ ಶಿಕ್ಷಕರು ಕಷ್ಟಪಟ್ಟು ದುಡಿಯುತ್ತಾರೆ, ಆದರೆ ಮುಂದಿನ ವರ್ಷ ಅವರೇ ಇರುತ್ತಾರೆ ಅನ್ನುವ ಭರವಸೆ ಇಲ್ಲ. ಬಂದವರಿಗೆ ಕಿಟ್‌ನ ತರಬೇತಿಯೂ ಆಗಿರುವುದಿಲ್ಲ.

ಹಾಗೆ ದಾಟಿ ಬಂದ ಮಕ್ಕಳು ಎಸ್ಸೆಸ್ಸೆಲ್ಸಿ ಹೊತ್ತಿಗೆ ಪಾಸಿಂಗ್ ಪ್ಯಾಕೇಜಿಗೆ ಬೀಳುತ್ತಾರೆ. ಥೇಲ್ಸ್ ಪ್ರಮೇಯ ಬಾಯಿಪಾಠ, ಒಂದು ನಕ್ಷೆ, ಒಂದು ರಚನೆ, ಸೂತ್ರಗಳ ಪಟ್ಟಿ, ಇಷ್ಟು ಮಾಡಿಸಿ ದಡ ಮುಟ್ಟಿಸುವುದು. ಮಾಡಿಸುವ ಶಿಕ್ಷಕರನ್ನು ನಾನು ದೂರುವುದಿಲ್ಲ, ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೇ. ಆದರೆ ಇದರಿಂದ ಪಾಸಾದ ಮಗುವಿಗೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಧೈರ್ಯ ಬರುವುದಿಲ್ಲ.

ಪರೀಕ್ಷೆ ಬದಲಾಗದೆ ಪಾಠ ಬದಲಾಗದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಮಕ್ಕಳು ಗುಂಪಿನಲ್ಲಿ ಪ್ರಯೋಗ ಮಾಡಿ, ತಾವೇ ಬರೆದುಕೊಂಡು, ತಾವೇ ತೀರ್ಮಾನಕ್ಕೆ ಬರಬೇಕು. ಪುಸ್ತಕ ತೆರೆದಿಟ್ಟೇ ಪರೀಕ್ಷೆ, ಜೊತೆಗೆ ಪ್ರಯೋಗದ ಪರೀಕ್ಷೆಯೂ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯಲ್ಲಿ ಎದ್ದ ತೊಡಕುಗಳನ್ನು ಚರ್ಚಿಸುತ್ತಿದ್ದರು, ದೆಹಲಿ ವಿಶ್ವವಿದ್ಯಾಲಯದ, ಮುಂಬೈನ ಟಿಐಎಫ್ಆರ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅವರ ಜೊತೆ ಕೂರುತ್ತಿದ್ದರು. ಸಾವಿರದಷ್ಟು ಶಾಲೆಗಳಿಗೆ ಹಬ್ಬಿದ ಅದನ್ನು 2002ರಲ್ಲಿ ಅಲ್ಲಿನ ಸರ್ಕಾರವೇ ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷ ಬೆಳೆದದ್ದು ಒಂದು ಆದೇಶಕ್ಕೆ ಹೋಯಿತು ಅನ್ನುವುದು ನನಗೆ ಈಗಲೂ ಸಂಕಟದ ವಿಷಯ. ನಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಗಳು ಹಾಗೆ ನಡೆಯಬೇಕಿತ್ತು. ನಾನು ಸಿಆರ್‌ಪಿ ಆಗಿದ್ದಾಗ ಅರ್ಧ ಹೊತ್ತು ಸುತ್ತೋಲೆ ಓದುವುದಕ್ಕೆ, ಆನ್‌ಲೈನ್ ಎಂಟ್ರಿ ಬಾಕಿ ಕೇಳುವುದಕ್ಕೇ ಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ಒಬ್ಬರು ತಾವು ಕಲಿಸಿದ ಒಂದು ಪಾಠವನ್ನು ನಮ್ಮೆದುರಿಗೆ ಮಾಡಿತೋರಿಸಿದ ದಿನ ಎಲ್ಲರೂ ಏನಾದರೂ ಹಿಡಿದುಕೊಂಡೇ ಶಾಲೆಗೆ ಮರಳುತ್ತಿದ್ದರು.

ಈಗ ನೀವು ಮಾಡಬೇಕಾದದ್ದು. ಸೇರಿಸುವ ಮುಂಚೆ ಒಂದು ದಿನ ಶಾಲೆ ನಡೆಯುವ ಹೊತ್ತಿಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಂಡು, ನಾಲ್ಕನೆಯ ತರಗತಿಯ ಗಣಿತ ಕಿಟ್ ನೋಡಬಹುದಾ ಅಂತ ವಿನಯದಿಂದ ಕೇಳಿ. ಬಣ್ಣ ಮಾಸಿದ, ಒಂದೆರಡು ತುಂಡು ಕಾಣೆಯಾದ ಕಿಟ್ ಕಂಡರೆ ಸಂತೋಷಪಡಿ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರದಿದ್ದರೆ ಯಾಕೆ ಅಂತ ಕೇಳಿ. ಶಾಲೆ ಐದರವರೆಗೋ ಏಳು–ಎಂಟರವರೆಗೋ, ಆರನೆಯ ತರಗತಿಯ ಮೇಲೆ ಗಣಿತ–ವಿಜ್ಞಾನಕ್ಕೆ ಕಾಯಂ ಶಿಕ್ಷಕರು ಇದ್ದಾರೋ ಇಲ್ಲವೋ ತಿಳಿದುಕೊಳ್ಳಿ. ಹುದ್ದೆ ಖಾಲಿ ಇದ್ದರೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಒಬ್ಬರೇ ಹೋಗಿ ಕೇಳುವುದಕ್ಕಿಂತ ಠರಾವಿಗೆ ತೂಕ ಹೆಚ್ಚು.

ಮಗಳು ಏಳನೆಯ ತರಗತಿಗೆ ಬಂದಾಗ ಎನ್‌ಎಂಎಂಎಸ್ ಅನ್ನುವ ಕೇಂದ್ರದ ವಿದ್ಯಾರ್ಥಿವೇತನದ ಹೆಸರು ನೆನಪಿಡಿ. ಅದರ ಪರೀಕ್ಷೆ ಎಂಟನೆಯ ತರಗತಿಯಲ್ಲಿ. ಅರ್ಧ ಭಾಗ ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳು, ಇನ್ನರ್ಧದಲ್ಲಿ ಗಣಿತ, ವಿಜ್ಞಾನ, ಸಮಾಜ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರುವ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು ಸಿಗುವುದು. ಗೆದ್ದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಆಯ್ಕೆಯಾದ ಮೇಲೂ ಪ್ರತಿ ವರ್ಷ ಆನ್‌ಲೈನಿನಲ್ಲಿ ನವೀಕರಣ ಮಾಡಿಸಬೇಕು, ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇದನ್ನು ಮರೆತು ಹಣ ಕಳೆದುಕೊಂಡ ಮಕ್ಕಳಿದ್ದಾರೆ, ಹಾಗಾಗಿ ಶಾಲೆಯವರು ಮಾಡುತ್ತಾರೆ ಅಂತ ಸುಮ್ಮನಿರದೆ ನೀವೇ ಹೋಗಿ ವಿಚಾರಿಸಿ.