ಗೋದಲಿಗೆ ಮೊದಲು ಹುಲ್ಲು, ಆಮೇಲೆ ಬಾಲಯೇಸು

ಪ್ರಶ್ನೆ: ಡಿಸೆಂಬರ್ ಬಂತೆಂದರೆ ನಕ್ಷತ್ರ, ಹೊಸ ಬಟ್ಟೆ, ಕಲ್ಕಲ್, ಕಜ್ಜಾಯ, ರಾತ್ರಿ ಕ್ಯಾರಲ್ಸ್. 24ರ ರಾತ್ರಿ ಪೂಜೆಗೆ ಕೂತಾಗ ಕಣ್ಣು ಎಳೆಯುತ್ತದೆ, ಪ್ರಾರ್ಥನೆಗೆ ಮನಸ್ಸೇ ನಿಲ್ಲುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಕ್ರಿಸ್ಮಸ್‌ಗೆ ಮುಂಚೆ ಯೇಸುವಿನ ಬರವಿಗಾಗಿ ಕಾಯುವ ಆಗಮನ ಕಾಲವನ್ನು ಅರ್ಥವಿಟ್ಟು ಕಳೆಯುವುದು ಹೇಗೆ?
– ಬಂಗಾರಪೇಟೆಯ ಓದುಗರೊಬ್ಬರು

ಉತ್ತರ: ಹಬ್ಬದ ಮನೆಯಲ್ಲಿ ಕೆಲಸ ಇದ್ದೇ ಇರುತ್ತದೆ, ಬಿಡಬೇಕಿಲ್ಲ. ಎಲ್ಲವೂ ಕೊನೆಯ ವಾರಕ್ಕೆ ಬಂದು ಬೀಳುವುದೇ ತೊಂದರೆ. 2026ರಲ್ಲಿ ಆಗಮನ ಕಾಲ ಶುರುವಾಗುವುದು ನವೆಂಬರ್ 29ರ ಭಾನುವಾರ. ನಾಲ್ಕನೇ ವಾರಕ್ಕೆ ಸಿಗುವುದು ಐದೇ ದಿನ. ಕಥೋಲಿಕ ಪೂಜಾವಿಧಿಯಲ್ಲಿ ಡಿಸೆಂಬರ್ 16ರವರೆಗೆ ಕ್ರಿಸ್ತರು ಮತ್ತೆ ಬರುವ ದಿನದ ಧ್ಯಾನ. 17ರಿಂದ ಗಮನ ನೇರವಾಗಿ ಅವರ ಜನನದ ಕಡೆಗೆ. ಆ ಎಂಟು ದಿನ ನಿಮ್ಮ ಬಾಣಲೆ ಒಲೆ ಏರದಿದ್ದರೆ ಅರ್ಧ ಕೆಲಸ ಆದಂತೆ. ಬಟ್ಟೆಯನ್ನು ನವೆಂಬರ್‌ನಲ್ಲೇ ಹೊಲಿಯಲು ಕೊಡಿ. ಕಲ್ಕಲ್ ಡಿಸೆಂಬರ್ 12ರ ಶನಿವಾರ ಕರಿದಿಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಎರಡು ವಾರ ಗರಿಯಾಗಿರುತ್ತದೆ, ಬಿಸಿಯಲ್ಲೇ ಮುಚ್ಚಿದರೆ ಮೆತ್ತಗಾಗುತ್ತದೆ. ಗುರುಗಳ ಬಳಿ ಮಾಡುವ ಪಾಪನಿವೇದನೆಯೂ ಎರಡನೇ ವಾರದಲ್ಲೇ ಆಗಲಿ. 24ರ ಸಂಜೆ ಉದ್ದದ ಸಾಲಿನಲ್ಲಿ ನಿಂತು ಅವಸರದಲ್ಲಿ ಹೇಳಿ ಬರುವಂಥದ್ದಲ್ಲ ಅದು.

ಪ್ರತಿ ಭಾನುವಾರ ಸಂಜೆ ಟಿವಿ ಆರಿಸಿ ಮೇಣದಬತ್ತಿ ಹಚ್ಚಿ: ಮೊದಲ ವಾರ ಒಂದು, ಎರಡನೇ ವಾರ ಎರಡು, ಹೀಗೆ ನಾಲ್ಕರವರೆಗೆ. ಮೂರು ನೇರಳೆ, ಮೂರನೇ ಭಾನುವಾರದ್ದು ಗುಲಾಬಿ. ಬಣ್ಣದ್ದು ಸಿಗದಿದ್ದರೆ ಬಿಳಿಯದೇ ಸಾಕು, ಅದನ್ನು ನಿಲ್ಲಿಸುವ ಹಣತೆಗೆ ಬಣ್ಣದ ಕಾಗದ ಸುತ್ತಿ. ಹಣತೆಗೆ ಮರಳು ತುಂಬಿ ಮೇಣದಬತ್ತಿ ನೆಡಿ. ಸುತ್ತ ಇಡುವ ಸರ್ವೆ ಸೊಪ್ಪು ಬೇಗ ಒಣಗಿ ಬೆಂಕಿಗೆ ಸುಲಭವಾಗಿ ತುತ್ತಾಗುತ್ತದೆ; ವಾರಕ್ಕೊಮ್ಮೆ ಬದಲಿಸಿ, ಜ್ವಾಲೆಯಿಂದ ಒಂದು ಗೇಣು ದೂರವಿಡಿ. ಬತ್ತಿ ಉರಿಯುವಾಗ ಬೈಬಲಿನಿಂದ ಆ ವಾರದ ಶುಭಸಂದೇಶ ಓದಿ: ಮಾರ್ಕ 13:33-37, ಮಾರ್ಕ 1:1-8, ಯೊವಾನ್ನ 1:6-8 ಮತ್ತು 19-28, ಲೂಕ 1:26-38. ಹತ್ತು ನಿಮಿಷ ಸಾಕು. ಮಕ್ಕಳಿಗೆ ಓದಲು ಕೊಡಿ, ತಪ್ಪಿದರೆ ತಿದ್ದಲು ಹೋಗಬೇಡಿ.

ಕಾಯುವುದೆಂದರೇನು ಎಂದು ಮಕ್ಕಳಿಗೆ ಬಾಯಲ್ಲಿ ಹೇಳುವುದಕ್ಕಿಂತ ರಾಗಿ ಚೆಲ್ಲಿಸಿ ನೋಡಿ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಹಸಿರಿಗೆ 13ರ ಭಾನುವಾರ ಸರಿಯಾದ ದಿನ. ಒಂದು ಹಿಡಿ ರಾಗಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಅಗಲದ ತಟ್ಟೆಯಲ್ಲಿ ಜರಡಿ ಹಿಡಿದ ಮಣ್ಣು ಎರಡು ಬೆರಳು ದಪ್ಪ ಹರಡಿ, ಕಾಳನ್ನು ತೆಳುವಾಗಿ ಚೆಲ್ಲಿ, ಮೊಳಕೆ ಕಾಣುವವರೆಗೆ ಒದ್ದೆ ಗೋಣಿ ಹೊದಿಸಿ. ಚೊಂಬಿನಿಂದ ನೀರು ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಸೇರುತ್ತದೆ, ಕೈಯಲ್ಲೇ ಚಿಮುಕಿಸಬೇಕು. ಒತ್ತೊತ್ತಾಗಿ ಚೆಲ್ಲಿದರೆ ಬೂಸಲು ಹಿಡಿಯುತ್ತದೆ. ಕೋಲಾರದ ಡಿಸೆಂಬರ್ ಚಳಿಗೆ ಮೊಳಕೆ ಒಂದೆರಡು ದಿನ ತಡವಾಗುವುದೂ ಉಂಟು. ಆತಂಕಪಟ್ಟು ಮಕ್ಕಳು ಮಣ್ಣು ಕೆದಕದಂತೆ ನೋಡಿಕೊಳ್ಳಿ. ಆ ಎರಡು ದಿನ ಅವರು ಬೆಳಿಗ್ಗೆ ಎದ್ದೊಡನೆ ತಟ್ಟೆಯ ಹತ್ತಿರ ಓಡುತ್ತಾರಲ್ಲ, ಕಾಯುವುದೆಂದರೆ ಅದೇ.

ಗೋದಲಿಯ ಖಾಲಿ ಮೇವಿನ ತೊಟ್ಟಿಯನ್ನು ಮೊದಲ ವಾರವೇ ಇಡಿ. ಯಾರಿಗಾದರೂ ನೆರವಾದ ದಿನ ಮಗು ಒಂದು ಎಳೆ ರಾಗಿ ಹುಲ್ಲನ್ನು ಅದರಲ್ಲಿ ಹಾಕಲಿ. ಯಾರು ಎಷ್ಟು ಹಾಕಿದರೆಂದು ಎಣಿಸಿದಿರೋ, ಅಕ್ಕ ತಮ್ಮನ ಪೈಪೋಟಿ ಶುರು! ನೀವೂ ಹಾಕಿ.

ಬಾಲಯೇಸುವಿನ ಸ್ವರೂಪವನ್ನು ಮಾತ್ರ ಹಬ್ಬದ ರಾತ್ರಿಯವರೆಗೆ ಒಳಗೇ ಇಟ್ಟಿರಿ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಕಿರಿಯ ಮಗುವಿನ ಕೈಯಿಂದ ಆ ಹುಲ್ಲಿನ ಮೇಲೆ ಮಲಗಿಸಿ. ಜನವರಿ 10ರ ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಕ್ರಿಸ್ಮಸ್ ಕಾಲವೇ. ಗೋದಲಿ ಅಲ್ಲಿಯವರೆಗೂ ಇರಲಿ.