ಓದುಗರ ಪ್ರಶ್ನೆ: ಹೈಸ್ಕೂಲಿಗೆ ಸೀಟು ಸಿಗದಿದ್ದರೆ

ಶಾಲೆ ಶುರುವಾಗಿ ಎರಡು ವಾರ ಕಳೆದರೂ ಮಗುವಿಗೆ ಎಲ್ಲೂ ಸೀಟು ಆಗಿಲ್ಲವೆಂದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ. ಎಂಟನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಬೇಕೆಂದು ಮೂರು ಹೈಸ್ಕೂಲುಗಳಿಗೆ ಅರ್ಜಿ ಹಾಕಿದ್ದೆವು. ಎರಡು ಕಡೆ ಪರೀಕ್ಷೆ ಬರೆಸಿ, ಪಟ್ಟಿಯಲ್ಲಿ ಹೆಸರಿಲ್ಲ ಅಂದರು. ಇನ್ನೊಂದು ಕಡೆ ಸೀಟು ಭರ್ತಿ ಅಂದರು. ಅವಳ ವರ್ಷ ಹಾಳಾಗುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಹಾಳಾಗುವುದಿಲ್ಲ. ದಾವಣಗೆರೆಯಲ್ಲಿ ಎಂಟನೇ ತರಗತಿಯ ಸೀಟಿಗೆ ಬರವಿಲ್ಲ, ನಾಲ್ಕಾರು ಹೆಸರಾಂತ ಶಾಲೆಗಳ ಸೀಟಿಗೆ ಮಾತ್ರ ನೂಕುನುಗ್ಗಲು. ಕಾನೂನೂ ನಿಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ ಅನ್ವಯಿಸುತ್ತದೆ. ದಾಖಲಾತಿ ಅವಧಿ ಮುಗಿದ ಮೇಲೆ ಬಂದ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದರ 15ನೇ ಕಲಂ.

ಈ ವಾರವೇ ಮನೆಗೆ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿಗೆ ಮಗುವನ್ನು ಸೇರಿಸಿಬಿಡಿ. ಬೇಕಾದ ಶಾಲೆಗಾಗಿ ಪ್ರಯತ್ನ ಆಮೇಲೂ ನಡೆಯಲಿ. ಸೇರಿದ ಮಾತ್ರಕ್ಕೆ ಕಟ್ಟಿಬಿದ್ದ ಹಾಗಲ್ಲ, ಬೇರೆ ಕಡೆ ಸೀಟು ಸಿಕ್ಕರೆ ಟೀಸಿ ಪಡೆದು ಹೋಗಬಹುದು. ಬಹಳ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ. ‘ಇನ್ನೊಂದು ವಾರ ನೋಡೋಣ’ ಎನ್ನುತ್ತ ಜುಲೈ ಬರುತ್ತದೆ, ಅಷ್ಟರಲ್ಲಿ ಗಣಿತದ ಎರಡು ಪಾಠ ಮುಗಿದಿರುತ್ತವೆ.

ಎಲ್ಲಿ ಹುಡುಕಬೇಕು? ‘ಸರ್ಕಾರಿ ಪ್ರೌಢಶಾಲೆ’ ಎಂಬ ಬೋರ್ಡು ಇರುವಲ್ಲಿ ಮಾತ್ರ ನೋಡಿ ಬರುವವರೇ ಜಾಸ್ತಿ. ಹಲವು ಸರ್ಕಾರಿ ಪದವಿಪೂರ್ವ ಕಾಲೇಜುಗಳ ಆವರಣದಲ್ಲಿ ಪ್ರೌಢಶಾಲಾ ವಿಭಾಗ ಇರುತ್ತದೆ, ಗೇಟಿನ ಮೇಲೆ ಕಾಲೇಜಿನ ಹೆಸರಷ್ಟೇ ಕಾಣುತ್ತದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳನ್ನೂ ವಿಚಾರಿಸಿ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳು ಎಂಟನೇ ತರಗತಿಯವರೆಗೆ ನಡೆಯುತ್ತವೆ. ಅಲ್ಲಿ ಸೇರಿದರೆ ಒಂಬತ್ತಕ್ಕೆ ಮತ್ತೆ ಇದೇ ಅಲೆದಾಟ ಎಂಬುದು ನೆನಪಿರಲಿ, ಅದರ ಮೇಲೆ ಒಂಬತ್ತನೇ ತರಗತಿಗೆ ಈ ಕಾಯ್ದೆಯ ಆಸರೆಯೂ ಇಲ್ಲ.

ಅನುದಾನಿತ ಶಾಲೆಗಳ ಒಂದು ಒಳಮರ್ಮ ತಿಳಿದಿರಲಿ. ಒಂದೇ ಆಡಳಿತ ಮಂಡಳಿಯ ಕೆಳಗೆ, ಒಂದೇ ಕಟ್ಟಡದಲ್ಲಿ ಕನ್ನಡ ಮಾಧ್ಯಮದ ವಿಭಾಗ ಅನುದಾನಿತ, ಇಂಗ್ಲಿಷ್ ಮಾಧ್ಯಮದ ವಿಭಾಗ ಅನುದಾನರಹಿತ ಆಗಿರುವುದು ಸಾಮಾನ್ಯ. ‘ಸೀಟು ಭರ್ತಿ’ ಎಂದವರು ಇಂಗ್ಲಿಷ್ ವಿಭಾಗದ ಮಾತನ್ನಷ್ಟೇ ಆಡಿರಬಹುದು. ಕನ್ನಡ ವಿಭಾಗದಲ್ಲಿ ಮಕ್ಕಳ ಸಂಖ್ಯೆ ಕುಸಿದರೆ ಶಿಕ್ಷಕರ ಹುದ್ದೆಗೇ ಕುತ್ತು, ಹಾಗಾಗಿ ಅಲ್ಲಿನ ಮುಖ್ಯ ಶಿಕ್ಷಕರು ಬಂದ ಮಗುವನ್ನು ಸುಲಭವಾಗಿ ಹಿಂದಕ್ಕೆ ಕಳಿಸುವುದಿಲ್ಲ. ‘ಅನುದಾನಿತ ವಿಭಾಗದಲ್ಲಿ ಎಷ್ಟು ಸೀಟು ಖಾಲಿ ಇದೆ?’ ಎಂದು ಹೀಗೇ ಕೇಳಿ. ಸರ್ಕಾರಿ ಹೈಸ್ಕೂಲುಗಳಲ್ಲೂ ಅನೇಕ ಕಡೆ ಇಂಗ್ಲಿಷ್ ಮಾಧ್ಯಮದ ವಿಭಾಗವಿದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಎರಡು ಕಡೆ ‘ಇಲ್ಲ’ ಎಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಹೋಗಿ. ದಾವಣಗೆರೆಯಲ್ಲಿ ಉತ್ತರ ಮತ್ತು ದಕ್ಷಿಣ ಎಂದು ಎರಡು ವಲಯಗಳಿವೆ. ನಿಮ್ಮ ವಲಯ ಯಾವುದೆಂದು ಮಗಳ ಹಳೆಯ ಶಾಲೆಯಲ್ಲೇ ಕೇಳಿಕೊಂಡು ಹೊರಡಿ, ಇಲ್ಲವಾದರೆ ಒಂದು ದಿನ ‘ಆ ಕಚೇರಿಗೆ ಹೋಗಿ’ ಎಂಬ ಮಾತಿನಲ್ಲೇ ಕಳೆಯುತ್ತದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಒಂದು ಹಾಳೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನಾಂಕ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಗುರುತಿನ ಸಂಖ್ಯೆ), ಹಿಂದಿನ ಶಾಲೆ, ಯಾವ ಶಾಲೆಗಳಿಗೆ ಯಾವ ದಿನ ಹೋಗಿದ್ದಿರಿ, ಏನು ಕಾರಣ ಕೊಟ್ಟರು ಎಂದು ಬರೆದು, ಕೊನೆಗೆ ‘ಸಮೀಪದ ಶಾಲೆಯಲ್ಲಿ ಎಂಟನೇ ತರಗತಿಗೆ ದಾಖಲಿಸಲು ಸೂಚಿಸಬೇಕಾಗಿ ಕೋರಿಕೆ’ ಎಂದು ಮುಗಿಸಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮೊಹರಿಲ್ಲದ ಅರ್ಜಿಗೆ ಮುಂದೆ ಯಾರೂ ಹೊಣೆಯಾಗುವುದಿಲ್ಲ. ಕಚೇರಿಗಿಂತ ಮೊದಲು ನಿಮ್ಮ ಕ್ಲಸ್ಟರಿನ ಸಿಆರ್‌ಪಿಯನ್ನು, ಅಂದರೆ ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯನ್ನು ಕಂಡರೆ ಇನ್ನೂ ಒಳ್ಳೆಯದು. ಯಾವ ಶಾಲೆಯಲ್ಲಿ ನಿಜವಾಗಿ ಎಷ್ಟು ಜಾಗವಿದೆ ಎಂಬುದು ಅವರಿಗೆ ಬೆರಳ ತುದಿಯಲ್ಲಿರುತ್ತದೆ.

ಮೂಲ ಟೀಸಿ ಜೋಪಾನ. ‘ವೇಟಿಂಗ್ ಲಿಸ್ಟಿನಲ್ಲಿ ಇಡುತ್ತೇವೆ, ಟೀಸಿ ಕೊಟ್ಟು ಹೋಗಿ’ ಎಂದವರಿಗೆ ಜೆರಾಕ್ಸ್ ಮಾತ್ರ ಕೊಡಿ. ಮೂಲ ಪ್ರತಿ ಒಂದು ಶಾಲೆಯ ಬೀರುವಿನಲ್ಲಿ ಸಿಕ್ಕಿಬಿದ್ದರೆ ಇನ್ನೊಂದು ಶಾಲೆಯಲ್ಲಿ ದಾಖಲಾತಿ ನಿಲ್ಲುತ್ತದೆ. ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಟೀಸಿ ತೆಗೆದ ಮೇಲೆ ಹೊಸ ಶಾಲೆ ಅದೇ ಸಂಖ್ಯೆಯಿಂದ ಮಗುವಿನ ಹೆಸರನ್ನು ತನ್ನ ಪಟ್ಟಿಗೆ ತೆಗೆದುಕೊಳ್ಳಬೇಕು. ಸೇರಿಸಿದ ಹದಿನೈದು ದಿನದೊಳಗೆ ಈ ಕೆಲಸ ಆಗಿದೆಯೇ ಎಂದು ವಿಚಾರಿಸಿ. ಆಧಾರ್‌ನಲ್ಲಿ ಒಂದು ಹೆಸರು, ಟೀಸಿಯಲ್ಲಿ ಇನ್ನೊಂದು ಇದ್ದರೆ ಈಗಲೇ ತಿದ್ದುಪಡಿಗೆ ಅರ್ಜಿ ಕೊಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವ ಪಾಡು ಯಾರಿಗೂ ಬೇಡ.

ಪರೀಕ್ಷೆ ಬರೆಸಿದರು ಎಂದಿದ್ದೀರಿ. ಎಂಟನೇ ತರಗತಿವರೆಗೆ ಪ್ರವೇಶಕ್ಕಾಗಿ ಮಗುವಿಗಾಗಲಿ ಪಾಲಕರಿಗಾಗಲಿ ಪರೀಕ್ಷೆ, ಸಂದರ್ಶನ ನಡೆಸುವುದು 13ನೇ ಕಲಂ ಪ್ರಕಾರ ತಪ್ಪು. ಮೊದಲ ಸಲಕ್ಕೆ 25,000 ರೂಪಾಯಿ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. (ಅಲ್ಪಸಂಖ್ಯಾತರ ಸಂಸ್ಥೆಗಳಿಗೆ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಕಾಯ್ದೆ ಅನ್ವಯಿಸುವುದಿಲ್ಲ.) ದೂರು ಕೊಡಿ, ತಪ್ಪಿಲ್ಲ. ಆದರೆ ದೂರು ಕೊಟ್ಟ ಮಾತ್ರಕ್ಕೆ ಆ ಶಾಲೆಯಲ್ಲಿ ಸೀಟು ಸಿಗುತ್ತದೆಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ಇನ್ನು ಮಾಧ್ಯಮ. ಕನ್ನಡದಿಂದ ಇಂಗ್ಲಿಷಿಗೆ ಎಂಟರಲ್ಲಿ ಹಾರುವ ಮಕ್ಕಳು ಎಡವುವುದು ವ್ಯಾಕರಣದಲ್ಲಲ್ಲ, ಗಣಿತ ಮತ್ತು ವಿಜ್ಞಾನದ ಪದಗಳಲ್ಲಿ. ‘ಭಾಗಲಬ್ಧ ಸಂಖ್ಯೆ’ ಗೊತ್ತಿರುವ ಹುಡುಗಿಗೆ ‘ರ‍್ಯಾಷನಲ್ ನಂಬರ್’ ಎಂದರೆ ಬೇರೇನೋ ಎನಿಸುತ್ತದೆ. ರಾಜ್ಯ ಪಠ್ಯದಲ್ಲಿ ಈ ಎರಡು ವಿಷಯಗಳ ಪುಸ್ತಕ ಎರಡೂ ಮಾಧ್ಯಮದಲ್ಲಿ ಪಾಠಕ್ಕೆ ಪಾಠ ಒಂದೇ. ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ ಪಕ್ಕಪಕ್ಕ ಇಟ್ಟು, ದಿನಕ್ಕೆ ಹತ್ತು ಪದದಂತೆ ನೋಟ್‌ಬುಕ್ಕಿನ ಎರಡು ಕಾಲಂನಲ್ಲಿ ಬರೆಸಿ. ದಸರಾ ರಜೆಯ ಹೊತ್ತಿಗೆ ತೊಡಕು ಬಹುಪಾಲು ಬಿಟ್ಟಿರುತ್ತದೆ. ಸದ್ಯ ಸಿಕ್ಕಿರುವುದು ಕನ್ನಡ ಮಾಧ್ಯಮದ ಸೀಟೇ ಆದರೂ ಈ ಅಭ್ಯಾಸ ಮಾಡಿಸಿ, ಪಿಯುಸಿ ವಿಜ್ಞಾನಕ್ಕೆ ಹೇಗೂ ಬೇಕು.

ಪ್ರಶ್ನೆ: ಮಗ ನವೋದಯ, ಮೊರಾರ್ಜಿ, ಆದರ್ಶ ವಿದ್ಯಾಲಯ ಮೂರಕ್ಕೂ ಪರೀಕ್ಷೆ ಬರೆದ. ಒಂದರಲ್ಲೂ ಆಗಲಿಲ್ಲ. ಮತ್ತೆ ಬರೆಸಬಹುದೇ?
— ಜಗಳೂರು ತಾಲ್ಲೂಕಿನ ಓದುಗರು

ಉತ್ತರ: ಮೂರೂ ಆರನೇ ತರಗತಿಗೆ ಸೇರಿಸಿಕೊಳ್ಳುವ ಶಾಲೆಗಳು, ಮೂರರ ದಾರಿ ಬೇರೆ ಬೇರೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ಮುಂತಾದ ವಸತಿ ಶಾಲೆಗಳಿಗೆ ಸೀಟು ಹಂಚಿಕೆ ಒಂದೇ ಸುತ್ತಿಗೆ ಮುಗಿಯುವುದಿಲ್ಲ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೈಬಿಟ್ಟವರ ಮಕ್ಕಳಿಗೆ ಮುಂದಿನ ಸುತ್ತಿನಲ್ಲಿ ಸೀಟು ಬಂದಿರುತ್ತದೆ, ನೋಡದೆ ಅವಧಿ ಮೀರಿರುತ್ತದೆ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಸೈಬರ್ ಸೆಂಟರಿನವರದ್ದಾಗಿದ್ದರಂತೂ ಸಂದೇಶ ನಿಮ್ಮವರೆಗೆ ಬರುವುದೇ ಇಲ್ಲ. ಪ್ರತಿ ಸುತ್ತಿನ ಪಟ್ಟಿಯನ್ನೂ ನೀವೇ ನೋಡಿ. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿರುವ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ, ಸೀಟು ಬಂದೂ ಪರಿಶೀಲನೆಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇಂಥದ್ದರಲ್ಲೇ. ಏಳು, ಎಂಟು, ಒಂಬತ್ತನೇ ತರಗತಿಗಳಲ್ಲಿ ಜಾಗ ತೆರವಾದಾಗಲೂ ಅರ್ಜಿ ಕರೆಯುವುದುಂಟು. ಹತ್ತಿರದ ವಸತಿ ಶಾಲೆಯ ಪ್ರಾಂಶುಪಾಲರಲ್ಲಿ ಮೇ, ಜೂನ್ ತಿಂಗಳಲ್ಲಿ ವಿಚಾರಿಸಿ. ಆದರ್ಶ ವಿದ್ಯಾಲಯದಲ್ಲೂ ಹೀಗೆಯೇ ಕೇಳಿ.

ನವೋದಯದ ಆರನೇ ತರಗತಿ ಪರೀಕ್ಷೆ ಒಂದೇ ಸಲ, ಎರಡನೇ ಸಲ ಬರೆಯುವಂತಿಲ್ಲ. ಮುಂದಿನ ಬಾಗಿಲು ಒಂಬತ್ತನೇ ತರಗತಿ, ಅದೂ ತೆರವಾದ ಸೀಟುಗಳಿಗೆ ಮಾತ್ರ. ದಾವಣಗೆರೆ ಜಿಲ್ಲೆಯ ನವೋದಯ ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ, ಚಿತ್ರದುರ್ಗದ್ದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ. ಮಗು ಅದೇ ಜಿಲ್ಲೆಯ ಮಾನ್ಯತೆ ಇರುವ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಎರಡೂವರೆ ಗಂಟೆ, ನೂರು ಅಂಕ: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಆರನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಿತ್ತು, ಇದರಲ್ಲಿ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಜಾಣ ಮಕ್ಕಳೂ ಸೋಲುವುದು ಇಲ್ಲೇ. ಹಿಂದಿಯನ್ನು ನಿರ್ಲಕ್ಷಿಸುವವರೇ ಹೆಚ್ಚು, ಶ್ರದ್ಧೆಯಿಂದ ಓದಿಸಿದರೆ ಆ 15 ಅಂಕ ನಿಮ್ಮ ಮಗನಿಗೆ ಲಾಭ.

ಪ್ರಶ್ನೆ: ಹೋದ ವರ್ಷದ ಫೀಸು ಬಾಕಿಯೆಂದು ಖಾಸಗಿ ಶಾಲೆಯವರು ಟೀಸಿ ಕೊಡುತ್ತಿಲ್ಲ. ಟೀಸಿ ಇಲ್ಲದೆ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಾರಾ?
— ಹೊಸದುರ್ಗದ ಓದುಗರು

ಉತ್ತರ: ಎಂಟನೇ ತರಗತಿವರೆಗೆ ಸೇರಿಸಿಕೊಳ್ಳಲೇಬೇಕು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಮಗುವಿಗೆ ಕೂಡಲೇ ಟೀಸಿ ಕೊಡಬೇಕು, ಅದು ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ಒಂದು ಖಾಸಗಿ ಶಾಲೆಯಿಂದ ಇನ್ನೊಂದು ಖಾಸಗಿ ಶಾಲೆಗೆ ಹೋಗುವವರಿಗೆ ಈ ಕಲಂ ಒದಗುವುದಿಲ್ಲ. ಟೀಸಿ ಕೋರಿ ಲಿಖಿತ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದರ ಪ್ರತಿಯನ್ನು ಬಿಇಒಗೆ ಕೊಡಿ. ಅಷ್ಟರಲ್ಲಿ ಮಗು ತರಗತಿಗೆ ಹೋಗುತ್ತಿರಲಿ. ಬಾಕಿ ಫೀಸು ನಿಮ್ಮ ಮತ್ತು ಆಡಳಿತ ಮಂಡಳಿಯ ನಡುವಿನ ಲೆಕ್ಕ, ಕಂತು ಕೇಳಿ ತೀರಿಸಿ.

ಪ್ರಶ್ನೆ: ಹೊಸ ಶಾಲೆಯೊಂದು ಎಂಟನೇ ತರಗತಿಗೆ ಸೀಟು ಕೊಡುತ್ತೇವೆ, ಡೊನೇಷನ್ ಕೊಡಿ ಎನ್ನುತ್ತಿದೆ. ಸಿಬಿಎಸ್‌ಇ ಎಂದೂ ಹೇಳುತ್ತಾರೆ. ಸೇರಿಸಬಹುದೇ?
— ಚಳ್ಳಕೆರೆಯ ಓದುಗರು

ಉತ್ತರ: ಹಣದ ಮಾತಿಗೆ ಮೊದಲು ಮಾನ್ಯತೆಯ ಕಾಗದ ನೋಡಿ. ‘ಶಾಲೆಗೆ ಮಾನ್ಯತೆ ಇದೆಯೇ’ ಎಂದು ಕೇಳಿದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ‘ಎಷ್ಟನೇ ತರಗತಿವರೆಗೆ, ಯಾವ ವರ್ಷದವರೆಗೆ, ಯಾವ ಮಾಧ್ಯಮಕ್ಕೆ’ ಎಂದು ಕೇಳಿ. ಏಳನೇ ತರಗತಿವರೆಗೆ ಮಾನ್ಯತೆ ಪಡೆದು ಎಂಟು, ಒಂಬತ್ತು ನಡೆಸುವವರು ಇದ್ದಾರೆ. ಆಗ ಮಗು ಕೂರುವುದು ಈ ಶಾಲೆಯಲ್ಲಿ, ಹಾಜರಿ ಇರುವುದು ಇನ್ನೆಲ್ಲೋ. ಎಸ್ಸೆಸ್ಸೆಲ್ಸಿ ನೋಂದಣಿಯ ಹೊತ್ತಿಗೆ ಕಂಡರಿಯದ ಶಾಲೆಯ ಹೆಸರು ಹಾಲ್ ಟಿಕೆಟಿನಲ್ಲಿ ಬರುತ್ತದೆ. ಶಾಲೆಯ ಯು-ಡೈಸ್ ಸಂಖ್ಯೆ, ಅಂದರೆ ಶಾಲೆಯ 11 ಅಂಕಿಯ ಗುರುತಿನ ಸಂಖ್ಯೆ ಬರೆಸಿಕೊಳ್ಳಿ, ಕರ್ನಾಟಕದ್ದು 29ರಿಂದ ಶುರುವಾಗಬೇಕು. ಅದನ್ನು ಬಿಇಒ ಕಚೇರಿಯಲ್ಲಿ ತೋರಿಸಿದರೆ ನಿಜ ತಿಳಿಯುತ್ತದೆ. ಸಿಬಿಎಸ್‌ಇ ಎನ್ನುವವರಿಂದ ಸಂಯೋಜನೆ (ಅಫಿಲಿಯೇಷನ್) ಸಂಖ್ಯೆ ಪಡೆದು ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ. ಸಿಗದಿದ್ದರೆ, ಅಥವಾ ‘ಅರ್ಜಿ ಹಾಕಿದ್ದೇವೆ, ಬರುತ್ತದೆ’ ಎಂದರೆ, ಸೇರಿಸಬೇಡಿ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಯಲ್ಲೇ ಮಂಡಳಿಗೆ ನೋಂದಣಿ ಆಗಬೇಕು.

ಡೊನೇಷನ್ ಅಪರಾಧ. ಪಡೆದ ಮೊತ್ತದ ಹತ್ತು ಪಟ್ಟುವರೆಗೆ ದಂಡವಿದೆ. ರಸೀದಿ ಕೊಡದ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವಿದೆ, ಅರ್ಜಿಯನ್ನು ಶಾಲಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ, ಅಂದರೆ ಡಿಡಿಪಿಐ ಕಚೇರಿಯಲ್ಲಿ ಕೊಡಬಹುದು.

ಪ್ರಶ್ನೆ: ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ವಾಪಸ್ ಬಂದಿದ್ದೇವೆ. ಹುಡುಗಿಗೆ 13 ವರ್ಷ, ಆರನೇ ತರಗತಿಗೇ ಶಾಲೆ ಬಿಟ್ಟಿದೆ. ಕಾಗದ ಯಾವುದೂ ಇಲ್ಲ.
— ಮೊಳಕಾಲ್ಮುರು ತಾಲ್ಲೂಕಿನ ಓದುಗರು

ಉತ್ತರ: ಅವಳನ್ನು ಮತ್ತೆ ಆರನೇ ತರಗತಿಗೆ ಕೂರಿಸಬೇಕಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ. 14 ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಜನನ ಪ್ರಮಾಣಪತ್ರ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ. ಹಿಂದೆ ಓದಿದ ಶಾಲೆಯ ಹೆಸರು, ಬಿಟ್ಟ ವರ್ಷ ಹೇಳಿದರೆ ಸ್ಯಾಟ್ಸ್ ಸಂಖ್ಯೆಯನ್ನು ಹುಡುಕಿಸಬಹುದು. ಹೊಸ ಸಂಖ್ಯೆ ಮಾಡಿಸಲು ಅವಸರ ಬೇಡ, ಒಂದೇ ಮಗುವಿಗೆ ಎರಡು ಸಂಖ್ಯೆಯಾದರೆ ವಿದ್ಯಾರ್ಥಿವೇತನ ಬರುವಾಗ ತಕರಾರು ಏಳುತ್ತದೆ. ಮತ್ತೆ ಕೆಲಸಕ್ಕೆ ವಲಸೆ ಹೋಗುವ ಸಂಭವವಿದ್ದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿ ಸೀಟಿಗೆ ಸಿಆರ್‌ಪಿ ಮೂಲಕ ಕೇಳಿ. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಹಳ್ಳಿಯಿಂದ 14 ಕಿಲೋಮೀಟರ್ ದೂರದ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಓಡಾಟವೋ, ಹಾಸ್ಟೆಲೋ?
— ಹೊಳಲ್ಕೆರೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಮಾರ್ಗದಲ್ಲಿ ಓಡುವುದು ಯಾವ ಬಸ್ ಎಂಬುದರ ಮೇಲೆ ನಿಂತಿದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹುಡುಗಿಯರ ಉಚಿತ ಪ್ರಯಾಣವಾಗಲಿ, ಹುಡುಗರ ರಿಯಾಯಿತಿ ಪಾಸಾಗಲಿ ಅವುಗಳಲ್ಲಿ ನಡೆಯುವುದಿಲ್ಲ, ಸಾರಿಗೆ ಸಂಸ್ಥೆಯ ಬಸ್ಸಿಗೆ ಮಾತ್ರ. ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ. ಬೆಳಗಿನ ಹೊತ್ತಿಗೆ ಸರ್ಕಾರಿ ಬಸ್ ಇಲ್ಲದಿದ್ದರೆ, ಆ ಮಾರ್ಗದ ಮಕ್ಕಳ ಹೆಸರಿನ ಪಟ್ಟಿ ಸಹಿತ ಮುಖ್ಯ ಶಿಕ್ಷಕರ ಪತ್ರವನ್ನು ಡಿಪೊ ವ್ಯವಸ್ಥಾಪಕರಿಗೆ ಕೊಡಿ.

ಹಾಸ್ಟೆಲ್ ಬೇಕಾದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಕ್ಕೆ ಆನ್‌ಲೈನ್ ಅರ್ಜಿ ಹಾಕಿ. ಅವರು ಶಾಲೆಗೆ ಸೇರಿದ ದಾಖಲೆ ಕೇಳುತ್ತಾರೆ, ಹಾಗಾಗಿ ಮೊದಲು ಶಾಲೆಯ ದಾಖಲಾತಿ ಮುಗಿಸಿ, ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿ ಹಿಡಿದೇ ಹೋಗಿ.