ಸೀಲ್ ಬದಲಿಸುವ ಮುಂಚೆ ಬ್ರೀದರ್ ನೋಡಿ

ಪ್ರಶ್ನೆ: ನನ್ನದು 1997ರ ಜಿಪ್ಸಿ. ಏರ್ ಫಿಲ್ಟರ್ ಡಬ್ಬ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿದ್ದೇನೆ. ಈಗ ಚಾರ್ಮಾಡಿ ಹತ್ತಿ ಬಂದರೆ ಅಂಗಳದಲ್ಲಿ ಅಂಗೈಯಗಲ ಆಯಿಲ್. ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ ಹಿಂಬದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಇಳಿಸಲೇ?
– ಓದುಗರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಆಯಿಲ್ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಜಿಪ್ಸಿಯಲ್ಲಿ ಇರುವುದು ಎಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ, ಹಿಂದೆ. ಅಲ್ಲಿ ಸೋರಿದ್ದು ಬ್ಲಾಕಿನ ಮೇಲೆ ಇಳಿದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನಿಂದ ತೊಟ್ಟಿಕ್ಕುತ್ತದೆ. ನೋಡಿದವರಿಗೆ ಕ್ರ್ಯಾಂಕ್ ಸೀಲೇ ಅನ್ನಿಸುತ್ತದೆ.

ಮೊದಲು ಹಳೆ ಫಿಲ್ಟರ್ ಡಬ್ಬಕ್ಕೆ ಹೋಗುತ್ತಿದ್ದ ಬ್ರೀದರ್ ಪೈಪ್, ಅಂದರೆ ಎಂಜಿನ್ ಉಸಿರಾಡುವ ಪೈಪ್ ಹುಡುಕಿ. ಹಾಸನದ ನನ್ನ ಶೆಡ್ಡಿಗೆ ಬಂದ ಒಂದು ಗಾಡಿಯಲ್ಲಿ ಅದರ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದರು. ಪಿಸ್ಟನ್ ಪಕ್ಕದಿಂದ ಇಳಿಯುವ ಗ್ಯಾಸ್ ಹೋಗುವುದೆಲ್ಲಿಗೆ? ಸೀಲನ್ನೇ ತಳ್ಳುತ್ತದೆ ಅಲ್ವಾ! ಆ ಗ್ಯಾಸನ್ನು ಮತ್ತೆ ಎಂಜಿನ್ನಿಗೆ ಎಳೆಸುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೂ ಇದೇ ಕಥೆ.

ಬ್ರೀದರ್ ಸರಿ ಮಾಡಿ. ತಣ್ಣಗಿನ ಎಂಜಿನ್ ಒರೆಸಿ, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಹತ್ತು ಕಿಲೋಮೀಟರ್ ಓಡಿಸಿ, ಟಾರ್ಚ್ ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಸೋರುವ ಜಾಗ. ಡಿಸ್ಟ್ರಿಬ್ಯೂಟರ್ ಆದರೆ ರಬ್ಬರ್ ರಿಂಗ್ ಹಾಕಿಸಿ. ಹೆಡ್ಡಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಆದರೆ ಹೊಸ ಪ್ಯಾಕಿಂಗ್. ಬೋಲ್ಟ್ ಜಾಸ್ತಿ ಬಿಗಿಸಬೇಡಿ, ಪ್ಯಾಕಿಂಗ್ ನಜ್ಜಾಗುತ್ತದೆ. ಮೇಲೆಲ್ಲ ಒಣಗಿದ್ದು ಕೆಳಗೆ ಮಾತ್ರ ಒದ್ದೆಯಿದ್ದರೆ ಆಗ ಗೇರ್‌ಬಾಕ್ಸ್ ಇಳಿಸಿ. ಅಲ್ಲಿಯವರೆಗೆ ಘಾಟಿ ಹತ್ತುವ ಮುಂಚೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ನೋಡುವುದು ಮರೆಯಬೇಡಿ.